ಹಲವು ರಿಮೋಟ್‌ಗಳ ಕೆಲಸ ಒಂದರ ಕೈಗೆ ಬಂದ ಬಗೆ

ಆಂಪ್ಲಿಫೈಯರಿಗೊಂದು, ಸಿ.ಡಿ. ಪ್ಲೇಯರಿಗೊಂದು, ಟಿ.ವಿ.ಗೊಂದು, ಸೆಟ್‌ಟಾಪ್ ಬಾಕ್ಸಿಗೆ ಮತ್ತೊಂದು. ಸಂಗೀತದ ಗೀಳಿರುವ ಮನೆಯ ಟೀಪಾಯಿ ಮೇಲೆ ಇಷ್ಟು ರಿಮೋಟ್ ಬಿದ್ದಿರುವುದು ಮಾಮೂಲು. ನೋಡಲು ಎಲ್ಲ ಒಂದೇ ಜಾತಿ. ಆದರೆ ಒಂದರ ಆಜ್ಞೆಯನ್ನು ಇನ್ನೊಂದರ ಯಂತ್ರ ಕೇಳುವುದಿಲ್ಲ. ಇವೆಲ್ಲವನ್ನೂ ಒಂದೇ ಕೈಗೆ ಒಪ್ಪಿಸುವ ಪ್ರಯತ್ನ ಶುರುವಾಗಿ ನಲವತ್ತು ವರ್ಷವಾಯಿತು.

ಟಿ.ವಿ. ರಿಮೋಟಿನ ಮೊದಲ ಹೆಜ್ಜೆಗಳು ಅಮೆರಿಕದ ಝೆನಿತ್ ಕಂಪನಿಯವು. 1950ರ ‘ಲೇಜಿ ಬೋನ್ಸ್’ಗೆ ಉದ್ದನೆಯ ವೈರ್ ಇತ್ತು, ಜನ ಅದಕ್ಕೆ ಎಡವುತ್ತಿದ್ದರು. 1955ರಲ್ಲಿ ಯೂಜೀನ್ ಪಾಲಿ ಬೆಳಕಿನ ಕಿರಣದಿಂದ ನಡೆಯುವ ‘ಫ್ಲಾಶ್‌ಮ್ಯಾಟಿಕ್’ ಮಾಡಿದರು, ಟಿ.ವಿ. ಮೇಲೆ ಬಿಸಿಲು ಬಿದ್ದರೆ ಅದಕ್ಕೆ ಗೊಂದಲ. ಮರುವರ್ಷ ರಾಬರ್ಟ್ ಆಡ್ಲರ್ ಅಲ್ಯೂಮಿನಿಯಂ ಸರಳುಗಳಿಗೆ ಪುಟ್ಟ ಸುತ್ತಿಗೆಯಿಂದ ಹೊಡೆದು, ಕಿವಿಗೆ ಕೇಳದ ಶಬ್ದ ಹೊರಡಿಸುವ ‘ಸ್ಪೇಸ್ ಕಮಾಂಡ್’ ತಂದರು. ಅದಕ್ಕೆ ಬ್ಯಾಟರಿಯೇ ಬೇಕಿರಲಿಲ್ಲ. ಆ ಶಬ್ದದ ಕಾಲ ಎರಡು ದಶಕಕ್ಕೂ ಹೆಚ್ಚು ನಡೆಯಿತು.

ಆಮೇಲೆ ಬಂದದ್ದು ಇನ್ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಬೆಳಕು. ಅದನ್ನು ಬೇಕಾದ ಲಯದಲ್ಲಿ ಮಿಟುಕಿಸಿದರೆ ನೂರಾರು ಆಜ್ಞೆ ಕಳಿಸಬಹುದು. ತೊಡಕು ಹುಟ್ಟಿದ್ದೂ ಇಲ್ಲಿಯೇ. ಫಿಲಿಪ್ಸ್‌ನ ಆರ್‌ಸಿ-5 ಪದ್ಧತಿಯಲ್ಲಿ ಬೆಳಕು ಸೆಕೆಂಡಿಗೆ 36 ಸಾವಿರ ಸಲ ಮಿಡಿಯುತ್ತದೆ. ಎನ್‌ಇಸಿ ಪದ್ಧತಿಯಲ್ಲಿ 38 ಸಾವಿರ, ಸೋನಿಯದರಲ್ಲಿ 40 ಸಾವಿರ. ಒಂದು ಆಜ್ಞೆಗೆ ಆರ್‌ಸಿ-5 ಬಳಸುವುದು 14 ಬಿಟ್, ಎನ್‌ಇಸಿ 32. ಆರ್‌ಸಿ-5ರಲ್ಲಿ ಒಂದು ಒಳ್ಳೆಯ ಯೋಚನೆಯಿತ್ತು: ಯಂತ್ರದ ಬಗೆಗೊಂದು ಸಂಖ್ಯೆ. ಟಿ.ವಿ.ಗೆ 0, ಆಂಪ್ಲಿಫೈಯರಿಗೆ 16, ಸಿ.ಡಿ. ಪ್ಲೇಯರಿಗೆ 20. ಆರ್ಕಾಮ್, ಕೇಂಬ್ರಿಜ್ ಆಡಿಯೊದಂಥ ಬ್ರಿಟನ್ನಿನ ಕಂಪನಿಗಳೂ ಇದನ್ನು ಒಪ್ಪಿಕೊಂಡವು. ಉಳಿದವರೂ ಒಪ್ಪಿದ್ದರೆ ನಮ್ಮ ಟೀಪಾಯಿ ಖಾಲಿ ಇರುತ್ತಿತ್ತು.

ಒಪ್ಪಂದ ಆಗದಿದ್ದಾಗ ಎರಡು ಉಪಾಯ ಹುಟ್ಟಿದವು. ಒಂದು, ನೂರಾರು ಮಾದರಿಗಳ ಕೋಡುಗಳನ್ನು ರಿಮೋಟಿನೊಳಗೇ ತುಂಬಿಡುವುದು. ಬಳಸುವವರು ಪುಸ್ತಿಕೆ ನೋಡಿ ತಮ್ಮ ಯಂತ್ರದ ಅಂಕಿ ಒತ್ತಬೇಕು. ಇನ್ನೊಂದು, ಕಲಿಯುವ ರಿಮೋಟ್. ಹಳೆಯದನ್ನು ಹೊಸದರ ಎದುರಿಗಿಟ್ಟು ಗುಂಡಿ ಒತ್ತಿದರೆ, ಬೆಳಕು ಎಷ್ಟು ಹೊತ್ತು ಹತ್ತಿತು, ಎಷ್ಟು ಹೊತ್ತು ಆರಿತು ಎಂಬುದನ್ನು ಹೊಸದು ಅಳೆದು ನೆನಪಿಟ್ಟುಕೊಳ್ಳುತ್ತದೆ. ಅರ್ಥ ತಿಳಿಯದೆಯೂ ಕಿವಿಗೆ ಬಿದ್ದ ಮಂತ್ರವನ್ನು ಸ್ವರ ತಪ್ಪದೆ ಒಪ್ಪಿಸುವ ಮಗುವಿನ ಹಾಗೆ. ಆಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್, ಅಲ್ಲಿನ ಕೆಲಸ ಬಿಟ್ಟ ಮೇಲೆ ‘ಸಿಎಲ್ 9’ ಎಂಬ ಕಂಪನಿ ತೆರೆದು 1987ರಲ್ಲಿ ತಂದ ‘ಕೋರ್’ ಇಂಥದ್ದೇ. ಒಂದು ಗುಂಡಿಗೆ ಹಲವು ಆಜ್ಞೆಗಳ ಸರಮಾಲೆಯನ್ನೂ ಅದಕ್ಕೆ ಕಲಿಸಬಹುದಿತ್ತು.

ಆಡಿಯೊ ಸಲಕರಣೆಗೆ ರಿಮೋಟ್ ಹೊಂದಿಸುವವರ ನಿಜವಾದ ಪರೀಕ್ಷೆ ಈ ಸರಮಾಲೆಯಲ್ಲೇ. ಅನೇಕ ಯಂತ್ರಗಳಿಗೆ ಆನ್ ಮಾಡಲೂ ಆಫ್ ಮಾಡಲೂ ಒಂದೇ ಪವರ್ ಆಜ್ಞೆ. ‘ಸಿ.ಡಿ. ಕೇಳು’ ಎಂಬ ಗುಂಡಿ ಒತ್ತುವ ಮೊದಲೇ ಆಂಪ್ಲಿಫೈಯರ್ ಆನ್ ಆಗಿದ್ದರೆ, ಆ ಆಜ್ಞೆ ಅದನ್ನು ಆರಿಸಿಬಿಡುತ್ತದೆ. ಇನ್‌ಪುಟ್ ಗುಂಡಿಯದೂ ಇದೇ ಕಥೆ: ಒತ್ತಿದಷ್ಟು ಸಲ ಮುಂದಿನದಕ್ಕೆ ಹೋಗುವುದಾದರೆ, ಈಗ ಎಲ್ಲಿದೆ ಎಂದು ರಿಮೋಟಿಗೆ ತಿಳಿಯುವ ದಾರಿಯಿಲ್ಲ. ಆದ್ದರಿಂದ ಆನ್‌ಗೇ ಒಂದು, ಆಫ್‌ಗೇ ಒಂದು, ಪ್ರತಿ ಇನ್‌ಪುಟ್ಟಿಗೂ ಒಂದೊಂದು ಪ್ರತ್ಯೇಕ ಕೋಡ್ ಬೇಕು. ಎಷ್ಟೋ ಆಂಪ್ಲಿಫೈಯರುಗಳಿಗೆ ಇಂಥ ಕೋಡುಗಳು ಗೊತ್ತು, ಆದರೆ ಜೊತೆಗೆ ಬಂದ ರಿಮೋಟಿನಲ್ಲಿ ಅವಕ್ಕೆ ಗುಂಡಿಯೇ ಇರುವುದಿಲ್ಲ. ಗುಂಡಿಯಿಲ್ಲದ ಮೇಲೆ ಕಲಿಸುವುದು ಹೇಗೆ? ಹವ್ಯಾಸಿಗಳು ಕೋಡುಗಳನ್ನು ಒಂದೊಂದಾಗಿ ಪರೀಕ್ಷಿಸಿ ಪಟ್ಟಿ ಮಾಡಿ ಹಂಚಿಕೊಂಡದ್ದರಿಂದಲೇ ಈ ವಿದ್ಯೆ ಬೆಳೆಯಿತು. ಕಲಿಸಲು ಹೋದರೂ ಸೋಲುವ ಯಂತ್ರಗಳುಂಟು. ಡೆನ್ಮಾರ್ಕಿನ ಬ್ಯಾಂಗ್ ಅಂಡ್ ಒಲುಫ್ಸೆನ್ ಬಳಸಿದ ಮಿಡಿತ ಸೆಕೆಂಡಿಗೆ 4 ಲಕ್ಷ 55 ಸಾವಿರ. ಅಷ್ಟು ವೇಗ ಸಾಮಾನ್ಯ ಕಲಿಯುವ ರಿಮೋಟಿನ ಅಳತೆಗೆ ಸಿಗದು.

ಕೆನಡಾದಲ್ಲಿ ಹುಟ್ಟಿ 2004ರಲ್ಲಿ ಲಾಜಿಟೆಕ್ ಕಂಪನಿಯ ಪಾಲಾದ ‘ಹಾರ್ಮನಿ’ ರಿಮೋಟ್ ಈ ತಲೆನೋವನ್ನು ಬಹಳ ಮಟ್ಟಿಗೆ ಇಳಿಸಿತು. ಯಾವ ಯಂತ್ರ ಆನ್ ಇದೆ, ಯಾವ ಇನ್‌ಪುಟ್‌ನಲ್ಲಿದೆ ಎಂಬುದನ್ನು ತಾನೇ ನೆನಪಿಡುತ್ತಿತ್ತು. ‘ಹಾಡು ಕೇಳಬೇಕು’ ಎಂದು ಕೆಲಸ ಹೇಳಿದರೆ ಸಾಕು, ಉಳಿದದ್ದು ಅದರ ಪಾಡು. ಆದರೆ ಅದನ್ನು ಹೊಂದಿಸಲು ಬೇಕಾದ ಕೋಡುಗಳಿದ್ದದ್ದು ಕಂಪನಿಯ ಸರ್ವರ್‌ಗಳಲ್ಲಿ. 2021ರಲ್ಲಿ ಲಾಜಿಟೆಕ್ ತಯಾರಿಕೆ ನಿಲ್ಲಿಸಿತು. ಈಗಿರುವ ಗ್ರಾಹಕರಿಗೆ ಸೇವೆ ಮುಂದುವರಿಸುತ್ತೇವೆ ಎಂದು ಹೇಳಿದೆಯಾದರೂ, ಮನೆಯ ರಿಮೋಟಿನ ಆಯಸ್ಸು ದೂರದ ಒಂದು ಕಚೇರಿಯ ತೀರ್ಮಾನಕ್ಕೆ ಕಟ್ಟುಬಿದ್ದಿರುವುದು ಸರಿಯಲ್ಲ.

ಒಳ್ಳೆಯ ಆಂಪ್ಲಿಫೈಯರ್ ಮೂವತ್ತು ವರ್ಷವಾದರೂ ಹಾಡುತ್ತದೆ; ರಿಮೋಟ್ ಅಷ್ಟು ಬಾಳುವುದಿಲ್ಲ. ಪ್ರತಿ ತಯಾರಕರೂ ತಮ್ಮ ಯಂತ್ರದ ಕೋಡುಗಳ ಪೂರ್ತಿ ಪಟ್ಟಿಯನ್ನು ಕೈಪಿಡಿಯ ಕೊನೆಯ ಪುಟದಲ್ಲಿ ಮುದ್ರಿಸಲಿ. ಓದುಗರೂ ಒಂದು ಕೆಲಸ ಮಾಡಬೇಕು: ಹಳೆಯ ರಿಮೋಟ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಅದರ ಗುಂಡಿಗಳನ್ನೆಲ್ಲ ಕಲಿಯುವ ರಿಮೋಟಿಗೆ ಕಲಿಸಿಡಿ. ಅದು ಕೆಟ್ಟ ಮೇಲೆ ಕಲಿಸಲು ಯಾರೂ ಇರುವುದಿಲ್ಲ.