ಕಡಲಿನ ಕಿರುದೋಣಿ

ಗ್ರೀನ್‌ಲ್ಯಾಂಡ್ ಉತ್ತರ ಧ್ರುವದ ನೆರೆಯಲ್ಲಿರುವ, ಬಹುಪಾಲು ಹಿಮದಿಂದ ಮುಚ್ಚಿದ ದ್ವೀಪ. ದೋಣಿ ಕಟ್ಟಲು ಯೋಗ್ಯವಾದ ಮರಗಳು ಅಲ್ಲಿ ಬೆಳೆಯುವುದಿಲ್ಲ. ಆದರೂ ಅಲ್ಲಿನ ಇನ್ಯೂಟ್ ಜನರು ಶತಮಾನಗಳಿಂದ ಕಡಲನ್ನೇ ನೆಚ್ಚಿ ಬಾಳಿದವರು. ದೂರದ ಸೈಬೀರಿಯದ ನದಿಗಳು ಕಡಲಿಗೆ ತಳ್ಳಿದ ಮರದ ದಿಮ್ಮಿಗಳು ಸಾಗರ ಪ್ರವಾಹದೊಡನೆ ತೇಲಿ ಬಂದು ಅವರ ದಡವನ್ನು ಸೇರುತ್ತಿದ್ದವು. ಅವರು ಅವುಗಳನ್ನು ಸೀಳಿ, ನಯಗೊಳಿಸಿ, ಚರ್ಮದ ಪಟ್ಟಿಗಳಿಂದ ಬಿಗಿದು ಒಂದು ಹಂದರವನ್ನು ರಚಿಸುತ್ತಿದ್ದರು. ಸೀಲ್ ಪ್ರಾಣಿಯ ಚರ್ಮವನ್ನು ನೀರು ಒಸರದಂತೆ ಹೊಲಿದು ಅದಕ್ಕೆ ಹೊದಿಸುವುದು ಹೆಂಗಸರ ಕೆಲಸವಾಗಿತ್ತು. ಹೀಗೆ ಸಿದ್ಧವಾದ, ಒಬ್ಬನೇ ಕುಳಿತು ನಡೆಸುವ ಕಿರುದೋಣಿಯೇ ಕಯಾಕ್. ಅದನ್ನು ಅಳೆಯಲು ಗಜಕಡ್ಡಿ ಬೇಕಿರಲಿಲ್ಲ. ಉದ್ದ ಸುಮಾರಾಗಿ ನಡೆಸುವವನ ಮೂರು ಮಾರು. ಅಗಲ ಅವನ ಸೊಂಟಕ್ಕಿಂತ ಎರಡು ಮುಷ್ಟಿ ಹೆಚ್ಚು. ಒಬ್ಬನ ಕಯಾಕ್ ಮತ್ತೊಬ್ಬನಿಗೆ ಹೊಂದುತ್ತಿದ್ದುದು ಅಪರೂಪ.

ಇಂದು ಕಯಾಕನ್ನು ಪ್ಲಾಸ್ಟಿಕ್ಕಿನಿಂದಲೂ ಗಾಜಿನ ನಾರಿನಿಂದಲೂ ತಯಾರಿಸುತ್ತಾರೆ. ಕಡಲಿಗೆಂದು ಮಾಡಿದ ಕಯಾಕ್ ಸುಮಾರು 5 ಮೀಟರ್ ಉದ್ದ, 55ರಿಂದ 60 ಸೆಂಟಿಮೀಟರ್ ಅಗಲ ಇರುತ್ತದೆ. ಮುಂದೆಯೂ ಹಿಂದೆಯೂ ಗಾಳಿ ತುಂಬಿದ, ಬಿಗಿಯಾಗಿ ಮುಚ್ಚಿದ ಕೋಣೆಗಳಿರುವುದರಿಂದ ನಡುವಿನ ಕುಳಿಗೆ ನೀರು ನುಗ್ಗಿದರೂ ಅದು ತೇಲುತ್ತಲೇ ಇರುತ್ತದೆ. ಆ ಕುಳಿಯಲ್ಲಿ ಕಾಲು ಚಾಚಿ ಕುಳಿತು, ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ ದೋಣಿಯನ್ನು ನಡೆಸಬೇಕು. ನೀರು ಒಳಗೆ ಬಾರದಂತೆ ಸೊಂಟಕ್ಕೆ ತೊಟ್ಟ ಒಂದು ಹೊದಿಕೆಯನ್ನು ಕುಳಿಯ ಅಂಚಿಗೆ ಸುತ್ತಲೂ ಸಿಕ್ಕಿಸುತ್ತಾರೆ.

ಇಷ್ಟು ಸಣ್ಣ ದೋಣಿ ಸಮುದ್ರಕ್ಕೆ ತಾಳೀತೆ ಎಂಬ ಸಂದೇಹ ಸಹಜವಾದುದು. ಆಸ್ಕರ್ ಸ್ಪೆಕ್ ಎಂಬ ಜರ್ಮನ್ ತರುಣನು 1932ರಲ್ಲಿ ಉಲ್ಮ್ ನಗರದ ಬಳಿ ಡ್ಯಾನ್ಯೂಬ್ ನದಿಯಲ್ಲಿ ಮಡಚಬಹುದಾದ ಕಯಾಕೊಂದನ್ನು ನೀರಿಗಿಳಿಸಿದನು. ದಾರಿಯಲ್ಲಿ ದೋಣಿಗಳನ್ನು ಬದಲಿಸುತ್ತ, ಭಾರತದ ಕರಾವಳಿಯನ್ನೂ ಸಿಂಹಳವನ್ನೂ ಹಾದು, 1939ರಲ್ಲಿ ಆಸ್ಟ್ರೇಲಿಯಕ್ಕೆ ಸೇರಿದ ದ್ವೀಪವೊಂದನ್ನು ಮುಟ್ಟಿದನು. ಅಷ್ಟರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಗಿದ್ದುದರಿಂದ ಅವನಿಗೆ ಅಲ್ಲಿ ದೊರೆತ ಸ್ವಾಗತ ಸೆರೆವಾಸ!

ಕಯಾಕಿಗೆ ವೇಗವನ್ನು ಕೊಡುವ ಕಿರಿದಾದ ಅಗಲವೇ ಅದನ್ನು ಮೊಗಚುವಂತೆಯೂ ಮಾಡುತ್ತದೆ. ಇನ್ಯೂಟ್ ಬೇಟೆಗಾರನಿಗೆ ಹಿಮದಂತಹ ಆ ನೀರಿನಲ್ಲಿ ದೋಣಿಯಿಂದ ಹೊರಬೀಳುವುದೆಂದರೆ ಬಹುಮಟ್ಟಿಗೆ ಮರಣವೇ ಸರಿ. ಆದುದರಿಂದ ಅವನು ಹೊರಬೀಳದೆ, ತಲೆಕೆಳಗಾಗಿ ನೀರಿನೊಳಗಿದ್ದಂತೆಯೇ ಹುಟ್ಟನ್ನು ನೀರಿನ ಮೇಲ್ಮೈಯಲ್ಲಿ ಬೀಸಿ, ಸೊಂಟವನ್ನು ತಿರುವಿ, ದೋಣಿಯೊಡನೆ ಉರುಳಿ ಮೇಲೇಳುವುದನ್ನು ಕಲಿತನು. ಹುಟ್ಟು ಕೈತಪ್ಪಿದಾಗ ಬರಿಗೈಯಿಂದ ಏಳುವ ವಿಧಾನವೂ ಉಂಟು. ಆಸ್ಟ್ರಿಯದ ಹಾನ್ಸ್ ಪಾವ್ಲಾಟ ಎಂಬಾತನು ಈ ವಿದ್ಯೆಯ ವರ್ಣನೆಗಳನ್ನು ಓದಿ 1927ರಲ್ಲಿ ತಾನೇ ಅದನ್ನು ಸಾಧಿಸಿದನು. ಬ್ರಿಟನ್ನಿನ ಅನ್ವೇಷಕ ಜಿನೊ ವಾಟ್ಕಿನ್ಸನು ಗ್ರೀನ್‌ಲ್ಯಾಂಡಿಗೇ ಹೋಗಿ ಅಲ್ಲಿನವರಿಂದ ಕಲಿತನು. ಅವನು ಅದರಲ್ಲಿ ನಿಪುಣನಾಗಿದ್ದನು. ಆದರೂ 1932ರ ಆಗಸ್ಟ್ 20ರಂದು ಒಬ್ಬನೇ ಸೀಲ್ ಬೇಟೆಗೆ ಹೋದವನು ಹಿಂದಿರುಗಲಿಲ್ಲ. ಸಂಗಾತಿಗಳಿಗೆ ಅವನಿಲ್ಲದ ದೋಣಿ ದೊರೆಯಿತು. ಆಗ ಅವನಿಗೆ 25 ವರ್ಷ.

ಈ ಕಾರಣದಿಂದಲೇ ಒಳ್ಳೆಯ ಶಿಕ್ಷಕರು ಹೊಸಬರಿಗೆ ದೋಣಿ ನಡೆಸುವುದಕ್ಕಿಂತ ಮೊದಲು ದೋಣಿ ಮೊಗಚಿಸುವುದನ್ನು ಕಲಿಸುತ್ತಾರೆ. ಇದು ನಡೆಯಬೇಕಾದುದು ಎದೆಮಟ್ಟದ ನಿಂತ ನೀರಿನಲ್ಲಿ, ಶಿಕ್ಷಕರು ಪಕ್ಕದಲ್ಲಿಯೇ ನಿಂತಿರುವಾಗ. ದೋಣಿ ತಲೆಕೆಳಗಾದೊಡನೆ ದೇಹವನ್ನು ಮುಂದಕ್ಕೆ ಬಾಗಿಸಬೇಕು; ಹೊದಿಕೆಯ ಮುಂತುದಿಯಲ್ಲಿರುವ ಕುಣಿಕೆಯನ್ನು ಹಿಡಿದು ಎಳೆಯಬೇಕು; ಹೊದಿಕೆ ಕಳಚಿದ ಮೇಲೆ ಎರಡು ಕೈಗಳನ್ನೂ ಕುಳಿಯ ಅಂಚಿಗೆ ಊರಿ, ಬಿಗಿಯಾದ ಷರಾಯಿಯನ್ನು ಕಳಚುವಂತೆ, ದೋಣಿಯನ್ನು ಕಾಲುಗಳಿಂದ ಕಳಚಬೇಕು. ಇದಕ್ಕೆಲ್ಲ ಹಿಡಿಯುವ ಕಾಲ ಕೆಲವೇ ಕ್ಷಣಗಳು. ಆದರೆ ಗಾಬರಿಗೊಂಡವರಿಗೆ ಆ ಕುಣಿಕೆ ಕೈಗೆ ಸಿಕ್ಕುವುದಿಲ್ಲ. ಅದು ಕಣ್ಣುಮುಚ್ಚಿದರೂ ಸಿಕ್ಕುವಂತಾಗುವವರೆಗೆ ಅಭ್ಯಾಸ ನಡೆಯಬೇಕು.

ಹೊರಬಂದ ಮೇಲೆ ದೋಣಿಯನ್ನೂ ಹುಟ್ಟನ್ನೂ ಬಿಡಬಾರದು. ಜೊತೆಯವನು ತನ್ನ ದೋಣಿಯನ್ನು ಅಡ್ಡಲಾಗಿ ತಂದು, ಮೊಗಚಿದ ದೋಣಿಯ ಮೂತಿಯನ್ನು ಅದರ ಮೇಲಕ್ಕೆಳೆದು, ಒಳಗಿನ ನೀರನ್ನು ಸುರಿದು, ನೆಟ್ಟಗೆ ಮಾಡಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ಬಿದ್ದವನು ಅದರ ಹಿಂಬದಿಯ ಮೇಲೆ ಹೊಟ್ಟೆಯಡಿಯಾಗಿ ಏರಿ, ತೆವಳಿ, ಮತ್ತೆ ಕುಳಿಯೊಳಗೆ ಇಳಿಯುತ್ತಾನೆ. ಉರುಳಿ ಮೇಲೇಳುವ ವಿದ್ಯೆ ನೋಟಕ್ಕೆ ಚೆಲುವಾದುದು. ಅದನ್ನು ಕಲಿಯಲು ತಿಂಗಳುಗಳೇ ಬೇಕಾಗಬಹುದು. ಜೊತೆಗಾರನ ನೆರವಿನಿಂದ ದೋಣಿಯೇರುವುದನ್ನು ಒಂದೆರಡು ದಿನಗಳಲ್ಲಿ ಕಲಿಯಬಹುದು. ಹೊಸಬರ ಪ್ರಾಣವನ್ನು ಹೆಚ್ಚಾಗಿ ಉಳಿಸುವುದು ಇದೇ.

ಹುಟ್ಟು ಹಾಕುವ ಕ್ರಮವನ್ನು ಬರಹದಿಂದ ಕಲಿಸುವುದು ಕಷ್ಟ. ತೋಳುಗಳಷ್ಟೇ ದುಡಿದರೆ ಅರ್ಧ ಗಂಟೆಯಲ್ಲಿ ಸೋಲುತ್ತವೆ. ಸೊಂಟದಿಂದ ಮೇಲಿನ ದೇಹವೆಲ್ಲ ತಿರುಗುವಂತಿದ್ದರೆ ಹೊತ್ತುಗಟ್ಟಲೆ ಸಾಗಬಹುದು ಎಂದಷ್ಟು ಹೇಳಿದರೆ ಸಾಕು.

ನೀರಿನ ಶೀತವು ಗಾಳಿಯ ಶೀತದಂತಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆಯುತ್ತದೆ. ಅತಿ ತಣ್ಣನೆಯ ನೀರಿಗೆ ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರು ಹಿಡಿತ ತಪ್ಪುತ್ತದೆ. ಸುಮಾರು ಹತ್ತು ನಿಮಿಷಗಳಲ್ಲಿ ಬೆರಳುಗಳು ಮಾತು ಕೇಳದಂತಾಗುತ್ತವೆ. ಒಂದು ಗಂಟೆಯ ಸುಮಾರಿಗೆ ಪ್ರಜ್ಞೆಯೂ ತಪ್ಪಬಹುದು. ಆದುದರಿಂದ ಶೀತದೇಶಗಳಲ್ಲಿ, ಬಿಸಿಲೆಷ್ಟೇ ಇರಲಿ, ನೀರಿನ ಶೀತಕ್ಕೆ ತಕ್ಕ ಉಡುಪನ್ನೇ ಧರಿಸುತ್ತಾರೆ. ತೇಲುವ ಅಂಗಿಯಾದರೋ ಎಲ್ಲ ದೇಶಗಳಲ್ಲಿಯೂ ಬೇಕು.

ಎಲ್ಲಕ್ಕಿಂತ ಮೋಸದ ವೈರಿ ದಡದಿಂದ ಕಡಲಿನ ಕಡೆಗೆ ಬೀಸುವ ಗಾಳಿ. ಬಂಡೆ, ಮರ, ಮನೆಗಳ ಮರೆಯಿರುವುದರಿಂದ ದಡದ ಬಳಿಯಲ್ಲಿ ನೀರು ಕೊಳದಂತೆ ಶಾಂತವಾಗಿ ಕಾಣುತ್ತದೆ. ಮುಂದೆ ಹೋದಂತೆಲ್ಲ ಗಾಳಿ ಬಲಿಯುತ್ತದೆ, ಅಲೆಗಳು ಏಳುತ್ತವೆ. ತಿರುಗಬೇಕೆನ್ನಿಸುವ ವೇಳೆಗೆ ಗಾಳಿಗೆದುರಾಗಿ ಹುಟ್ಟು ಹಾಕಲು ತೋಳಿನಲ್ಲಿ ಕಸುವಿರುವುದಿಲ್ಲ.

1993ರ ಮಾರ್ಚ್ 22ರಂದು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿರುವ ಲೈಮ್ ಕೊಲ್ಲಿಯಲ್ಲಿ ನಡೆದುದು ಇದೇ. ಎಂಟು ಮಂದಿ ವಿದ್ಯಾರ್ಥಿಗಳು, ಅವರ ಶಿಕ್ಷಕರು, ಇಬ್ಬರು ತರಬೇತುದಾರರು ಕೆಲವೇ ಕಿಲೋಮೀಟರುಗಳ ಪ್ರಯಾಣಕ್ಕೆಂದು ಬೆಳಿಗ್ಗೆ ಹೊರಟರು. ಗಾಳಿ ದಡದಿಂದ ಕಡಲಿಗೆ ಬೀಸುತ್ತಿತ್ತು. ಒಬ್ಬರ ದೋಣಿ ಮತ್ತೆ ಮತ್ತೆ ಮೊಗಚಿತು. ತರಬೇತುದಾರರಲ್ಲೊಬ್ಬರು ಅವರ ನೆರವಿಗೆ ನಿಂತರು. ಉಳಿದವರು ದೋಣಿಗಳನ್ನು ಒತ್ತೊತ್ತಾಗಿ ಹಿಡಿದು ಕಾಯುತ್ತಿದ್ದಂತೆಯೇ ಗಾಳಿಯು ಅವರನ್ನು ದೂರಕ್ಕೆ ತೇಲಿಸಿಕೊಂಡು ಹೋಯಿತು. ಕುಳಿಗೆ ಹೊದಿಕೆಗಳಿರಲಿಲ್ಲ, ಅಲೆಗಳು ದೋಣಿಗಳನ್ನು ತುಂಬಿದವು. ಸಂಕೇತ ತೋರಲು ಬೆಳಕಿನ ಬಾಣಗಳೂ ಇರಲಿಲ್ಲ. ಮಧ್ಯಾಹ್ನಕ್ಕೆ ಬರಬೇಕಾದವರು ಬಾರದಿದ್ದರೂ ದಡದಿಂದ ರಕ್ಷಕರಿಗೆ ಸುದ್ದಿ ಹೋದುದು ಬಹಳ ತಡವಾಗಿ. ಹದಿನಾರು, ಹದಿನೇಳು ವಯಸ್ಸಿನ ನಾಲ್ವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಅವರು ಮಾಡಿದ ತಪ್ಪು ಏನೂ ಇರಲಿಲ್ಲ. ಹಿರಿಯರು ಹೇಳಿದಂತೆ ನಡೆದಿದ್ದರು. ಆ ತರಬೇತಿ ಕೇಂದ್ರವನ್ನು ನಡೆಸುತ್ತಿದ್ದ ಕಂಪನಿಯ ಮುಖ್ಯಸ್ಥನಿಗೆ ನ್ಯಾಯಾಲಯವು ಶಿಕ್ಷೆ ವಿಧಿಸಿತು. 1995ರಲ್ಲಿ, ಮಕ್ಕಳಿಗೆ ಸಾಹಸಕ್ರೀಡೆ ಕಲಿಸುವ ಕೇಂದ್ರಗಳನ್ನು ಪರೀಕ್ಷಿಸಿ ಪರವಾನಗಿ ಕೊಡುವ ಕಾನೂನು ಬ್ರಿಟನ್ನಿನಲ್ಲಿ ಅಂಗೀಕಾರವಾಯಿತು.

ಕರ್ನಾಟಕದ ಕರಾವಳಿಯಲ್ಲಿ ನೀರು ಬೆಚ್ಚಗಿರುವುದರಿಂದ ಅಂತಹ ಶೀತದ ಭಯವಿಲ್ಲ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸುವವರನ್ನು ಕಾಣಬಹುದು. ಕಲಿಕೆಗೆ ಅಂತಹ ನೀರೇ ತಕ್ಕುದು. ಅಳಿವೆಯನ್ನು ದಾಟಿದರೆ ಲೆಕ್ಕ ಬೇರೆಯಾಗುತ್ತದೆ. ಇಳಿತದ ಕಾಲದಲ್ಲಿ ಹೊರಕ್ಕೆ ಹರಿಯುವ ನೀರು ಒಳಬರುವ ಅಲೆಗಳಿಗೆ ಎದುರಾಗಿ, ಅಲೆಗಳು ಅಲ್ಲಿ ಕಡಿದಾಗಿ ನಿಂತು ಒಡೆಯುತ್ತವೆ. ಬೆಳಗಿನ ನೆಲಗಾಳಿ ದಡದಿಂದ ಕಡಲಿಗೆ ಬೀಸುವಂಥದು ಎಂಬುದನ್ನೂ ಮರೆಯುವಂತಿಲ್ಲ. ಮಳೆಗಾಲದ ಕಡಲಂತೂ ಹೊಸಬರದಲ್ಲ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳೇ ಮೀನುಗಾರಿಕೆಗೆ ಇಳಿಯದೆ ಬಂದರಿನಲ್ಲಿ ನಿಂತಿರುತ್ತವೆ.

ನಿಂತ ನೀರಿನ ಕಲಿಕೆ ಮುಗಿದ ಮೇಲೆ ಮೊದಲ ಕಡಲ ಪ್ರಯಾಣವನ್ನು ಗಾಳಿ ಮಂದವಾಗಿರುವ ದಿನದಲ್ಲಿ, ಅನುಭವಿಗಳೊಡನೆ, ಈಜಿ ಸೇರಬಹುದಾದಷ್ಟು ಹತ್ತಿರದಲ್ಲಿ ದಡವನ್ನು ಇಟ್ಟುಕೊಂಡು ಕೈಗೊಳ್ಳುತ್ತಾರೆ. ಹೊಸಬರು ಗಂಟೆಗೆ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚು ಸಾಗುವುದು ಕಷ್ಟವಾದುದರಿಂದ, ಹೋಗಿ ಬರುವ ದೂರವನ್ನು ಆ ಲೆಕ್ಕದಲ್ಲಿಯೇ ಗೊತ್ತುಮಾಡಬೇಕು. ಹೊರಡುವ ಮುನ್ನ ಎಷ್ಟು ಮಂದಿ, ಯಾವ ದಾರಿ, ಮರಳುವ ಹೊತ್ತು ಯಾವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ದಡದಲ್ಲಿ ಉಳಿಯುವವರ ಕೈಗೆ ಕೊಡುತ್ತಾರೆ. ಆ ಹೊತ್ತು ಮೀರಿದರೆ ಯಾರಿಗೆ, ಎಷ್ಟು ಗಂಟೆಗೆ ಸುದ್ದಿ ಮುಟ್ಟಿಸಬೇಕೆಂಬುದೂ ಅದರಲ್ಲಿ ಇರುತ್ತದೆ.