ಕಾಳಗಿ ಭಾಗದಲ್ಲಿ ಮಕ್ಕಳ ಸೇವೆಗಳು: ಸಿಬ್ಬಂದಿ ವ್ಯವಸ್ಥೆ ಮತ್ತು ಕಾರ್ಯಭಾರ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದಲ್ಲಿ 1975ರ ಅಕ್ಟೋಬರ್ 2ರಂದು 33 ಯೋಜನಾ ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವು ಇದಕ್ಕೆ ಆಯ್ಕೆಯಾಗಿತ್ತು. ಆರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಹಾಗೂ ಬಾಣಂತಿಯರಿಗೆ ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವ ಸೇವೆ, ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ, ಶಾಲಾ ಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ಅಂಗನವಾಡಿ ಕೇಂದ್ರದ ಮೂಲಕ ಒದಗಿಸುವುದು ಯೋಜನೆಯ ಸ್ವರೂಪವಾಗಿದೆ. ಅಂದಿನಿಂದ ಇಂದಿನವರೆಗೆ ಸೇವೆಗಳ ಪಟ್ಟಿ ಬೆಳೆಯುತ್ತಲೇ ಬಂದಿದೆ. ಕೇಂದ್ರವನ್ನು ನಡೆಸುವವರ ಸಂಖ್ಯೆ ಮಾತ್ರ ಅಂದಿನಂತೆಯೇ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಗೆ ಸೀಮಿತವಾಗಿದೆ.

ಕಾಳಗಿಯು ಹಿಂದೆ ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದು, 2017ರಲ್ಲಿ ಘೋಷಿಸಲಾದ ಹೊಸ ತಾಲ್ಲೂಕುಗಳಲ್ಲಿ ಒಂದಾಗಿ 2018ರಲ್ಲಿ ಅಸ್ತಿತ್ವಕ್ಕೆ ಬಂದಿತು. ಕಮಲಾಪುರ, ಶಹಾಬಾದ್ ಮತ್ತು ಯಡ್ರಾಮಿಗಳೂ ಇದೇ ಸಂದರ್ಭದಲ್ಲಿ ತಾಲ್ಲೂಕುಗಳಾದವು. ಇದರಿಂದ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳ ಸಂಖ್ಯೆ 11ಕ್ಕೆ ಏರಿತು. ತಾಲ್ಲೂಕನ್ನು ರಚಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಆದರೆ ಶಿಶು ಅಭಿವೃದ್ಧಿ ಯೋಜನೆಯ ಘಟಕಗಳ ಸಂಖ್ಯೆಗೆ ಕೇಂದ್ರ ಸರ್ಕಾರದ ಮಂಜೂರಾತಿ ಅಗತ್ಯ. ಆದುದರಿಂದ ತಾಲ್ಲೂಕು ಹೊಸದಾಯಿತೆಂದ ಮಾತ್ರಕ್ಕೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿ, ಮೇಲ್ವಿಚಾರಕಿಯರು ಮತ್ತು ವಾಹನ ತಾನಾಗಿ ದೊರೆಯುವುದಿಲ್ಲ. ತಹಶೀಲ್ದಾರರ ಕಚೇರಿಯ ಫಲಕ ಬದಲಾದ ಊರಿನಲ್ಲಿ ಅಂಗನವಾಡಿಯ ಕಡತವು ಹಳೆಯ ತಾಲ್ಲೂಕು ಕೇಂದ್ರಕ್ಕೇ ಹೋಗುವ ಸ್ಥಿತಿ ಉಂಟಾಗುವುದು ಹೀಗೆ.

ಈ ಭಾಗದ ಹಿನ್ನೆಲೆ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದಲ್ಲಿಯೇ ಇದ್ದವು. ಚಿತ್ತಾಪುರ, ಸೇಡಂ ಹಾಗೂ ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ವಾಡಿ, ಸೇಡಂ ಮತ್ತು ಮಳಖೇಡಗಳಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಶಹಾಬಾದಿನ ಹಾಸುಗಲ್ಲು ದೇಶದಾದ್ಯಂತ ಹೆಸರಾಗಿದೆ. ಆದಾಗ್ಯೂ ಒಣಬೇಸಾಯದ ತೊಗರಿಯನ್ನು ನಂಬಿದ ಹಳ್ಳಿ ಮತ್ತು ತಾಂಡಾಗಳ ಕುಟುಂಬಗಳು ವರ್ಷದ ಕೆಲವು ತಿಂಗಳು ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ಗುಳೆ ಹೋಗುವುದು ನಿಂತಿಲ್ಲ.

ಗುಳೆಯು ಅಂಗನವಾಡಿಯ ಲೆಕ್ಕಾಚಾರವನ್ನು ಬುಡಮೇಲು ಮಾಡುತ್ತದೆ. ಪೂರಕ ಆಹಾರವನ್ನು ವರ್ಷಕ್ಕೆ 300 ದಿನ ನೀಡಬೇಕೆಂಬುದು ನಿಯಮ. ನಾಲ್ಕು ತಿಂಗಳು ಕಟ್ಟಡದ ಕೆಲಸದ ಜಾಗದಲ್ಲಿ ಮಲಗುವ ಮಗುವಿಗೆ ಆ ನಿಯಮವು ಕಾಗದದಲ್ಲಿ ಉಳಿಯುತ್ತದೆ. 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಪೋಷಣ್ ಟ್ರ್ಯಾಕರ್ ತಂತ್ರಾಂಶದಲ್ಲಿ ಫಲಾನುಭವಿಯನ್ನು ಒಂದು ಕೇಂದ್ರದಿಂದ ಮತ್ತೊಂದಕ್ಕೆ ವರ್ಗಾಯಿಸಲು ಅವಕಾಶವಿದೆ. ಆದರೆ ವರ್ಗಾವಣೆಯಾಗಬೇಕಾದರೆ ತಲುಪಿದ ಊರಿನಲ್ಲಿ ಆ ಮಗುವನ್ನು ಗುರುತಿಸುವ ಒಬ್ಬ ಕಾರ್ಯಕರ್ತೆ ಇರಬೇಕು. ಕುಟುಂಬ ಹೊರಡುವ ಮುನ್ನ ತಾಯಿ ಕಾರ್ಡನ್ನು ಜೊತೆಯಲ್ಲಿ ಒಯ್ಯುವಂತೆ ತಿಳಿಸುವುದು ಸಣ್ಣ ಕೆಲಸವೆಂದು ತೋರಿದರೂ, ಚುಚ್ಚುಮದ್ದು ತಪ್ಪದಿರಲು ಅದಕ್ಕಿಂತ ಉಪಯುಕ್ತವಾದುದು ಬೇರಿಲ್ಲ.

ತಾಂಡಾಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ 2006ರ ಡಿಸೆಂಬರ್ 13ರ ಆದೇಶವನ್ನು ನೆನಪಿಡುವುದು ಅಗತ್ಯ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಜನವಸತಿಯು ಕೇಂದ್ರವನ್ನು ಕೇಳಿದಲ್ಲಿ ಮೂರು ತಿಂಗಳೊಳಗೆ ಅದನ್ನು ಒದಗಿಸಬೇಕೆಂದು ಈ ಆದೇಶ ಹೇಳುತ್ತದೆ. ಅದಕ್ಕಿಂತ ಚಿಕ್ಕ ವಸತಿಗಳಿಗಾಗಿ ರೂಪಿಸಲಾದ ಮಿನಿ ಅಂಗನವಾಡಿಯಲ್ಲಿ ಸಹಾಯಕಿಯ ಹುದ್ದೆಯೇ ಇರಲಿಲ್ಲ. ಅಡುಗೆ, ಪಾಠ, ತೂಕ, ದಾಖಲೆ ಎಲ್ಲವೂ ಒಬ್ಬರದೇ ಹೊಣೆ. ಆ ಒಬ್ಬರು ಸಭೆಗೆ ಹೋದ ದಿನ ಬಾಗಿಲಿಗೆ ಬೀಗ ಬೀಳುತ್ತಿತ್ತು.

ಮೇಲ್ವಿಚಾರಕಿಯ ಹುದ್ದೆ

ಸಿಬ್ಬಂದಿಯ ಕೊರತೆ ಎಂದೊಡನೆ ಸಾರ್ವಜನಿಕರ ಗಮನ ಅಂಗನವಾಡಿ ಕಾರ್ಯಕರ್ತೆಯ ಕಡೆಗೆ ಹೋಗುತ್ತದೆ. ವಾಸ್ತವವಾಗಿ ವ್ಯವಸ್ಥೆಯು ಮೊದಲು ಸಡಿಲಗೊಳ್ಳುವುದು ಮಧ್ಯದಲ್ಲಿ. ಒಬ್ಬ ಮೇಲ್ವಿಚಾರಕಿಗೆ ಸುಮಾರು 25 ಕೇಂದ್ರಗಳ ವಲಯವನ್ನು ವಹಿಸಲಾಗುತ್ತದೆ. ದಿನಕ್ಕೊಂದು ಕೇಂದ್ರದಂತೆ ಭೇಟಿ ನೀಡಿದರೂ ತಿಂಗಳ ಕೆಲಸದ ದಿನಗಳೆಲ್ಲ ಅದಕ್ಕೇ ಸಲ್ಲುತ್ತವೆ. ಸಭೆ, ತರಬೇತಿ, ವರದಿಗಳಿಗೆ ಐದಾರು ದಿನ ಕಳೆದರೆ ಕೆಲವು ಕೇಂದ್ರಗಳು ಉಳಿದುಹೋಗುತ್ತವೆ. ಪಕ್ಕದ ವಲಯದ ಹುದ್ದೆ ಖಾಲಿಯಾಗಿ ಅದರ ಪ್ರಭಾರವೂ ಸೇರಿದಲ್ಲಿ 50 ಕೇಂದ್ರಗಳಾಗುತ್ತವೆ. ಪ್ರತಿ ಕೇಂದ್ರಕ್ಕೆ ಎರಡು ತಿಂಗಳಿಗೊಮ್ಮೆ ಭೇಟಿ ದೊರೆತರೂ ಹೆಚ್ಚು. ಬಸ್ ಸೌಕರ್ಯ ವಿರಳವಾದ ತಾಂಡಾಗಳೇ ಸಾಮಾನ್ಯವಾಗಿ ಪಟ್ಟಿಯ ಕೊನೆಯಲ್ಲಿ ಉಳಿಯುತ್ತವೆ.

ಎರಡು ತಿಂಗಳ ಅಂತರ ಎಂದರೇನೆಂಬುದನ್ನು ತೀವ್ರ ಅಪೌಷ್ಟಿಕತೆಯ ಮಗುವಿನ ಉದಾಹರಣೆಯಿಂದ ತಿಳಿಯಬಹುದು. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ಮಧ್ಯಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದಲ್ಲಿ, ಅಥವಾ ಎತ್ತರಕ್ಕೆ ಹೋಲಿಸಿದ ತೂಕವು ನಿಗದಿತ ಮಟ್ಟಕ್ಕಿಂತ ಕೆಳಗಿದ್ದಲ್ಲಿ, ಅಥವಾ ಎರಡೂ ಪಾದಗಳಲ್ಲಿ ಬಾವು ಕಂಡಲ್ಲಿ ಅದು ತೀವ್ರ ಅಪೌಷ್ಟಿಕತೆ. ತೂಕದ ಯಂತ್ರ ಕೆಟ್ಟಿರುವುದು, ಎತ್ತರವನ್ನು ಅಂದಾಜಿನಲ್ಲಿ ಬರೆದಿರುವುದು ಮೇಲ್ವಿಚಾರಕಿಯ ಕಣ್ಣಿಗೆ ಬೀಳದಿದ್ದಲ್ಲಿ ಮಗುವು ದಾಖಲೆಯಲ್ಲಿ ಸಾಮಾನ್ಯವಾಗಿಯೇ ಉಳಿಯುತ್ತದೆ. ಪತ್ತೆಯಾದ ನಂತರವೂ, ತೊಡಕುಗಳಿರುವ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು 14 ದಿನ ಇರಿಸಬೇಕಾಗುತ್ತದೆ. ತೊಗರಿ ರಾಶಿಯ ಕಾಲದಲ್ಲಿ ಮನೆಯಲ್ಲಿ ಇನ್ನಿಬ್ಬರು ಮಕ್ಕಳಿರುವ ತಾಯಿಯನ್ನು ಇದಕ್ಕೆ ಒಪ್ಪಿಸುವುದು ಒಂದು ಭೇಟಿಯಲ್ಲಿ ಮುಗಿಯುವ ಮಾತಲ್ಲ. ಐದು ವರ್ಷದೊಳಗಿನ ಕುಂಠಿತ ಬೆಳವಣಿಗೆಯ ಮಕ್ಕಳ ಪ್ರಮಾಣವು ರಾಜ್ಯದಲ್ಲಿ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 36.2 ಇದ್ದುದು 2019-21ರ ಸಮೀಕ್ಷೆಯಲ್ಲಿ ಶೇ. 35.4ಕ್ಕೆ ಮಾತ್ರ ಇಳಿದಿದೆ. ಆಹಾರ ಪೂರೈಕೆಯಿಂದಷ್ಟೇ ಈ ಅಂಕಿ ಇಳಿಯುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಕಾರ್ಯಕರ್ತೆಯ ಸ್ಥಾನಮಾನ

ಕಾರ್ಯಕರ್ತೆಯು ಗೌರವಧನದ ಮೇಲೆ ಸೇವೆ ಸಲ್ಲಿಸುವವರು. ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ, ಇವರು ಸರ್ಕಾರದ ನಾಗರಿಕ ಹುದ್ದೆಯನ್ನು ಹೊಂದಿದವರಲ್ಲವೆಂದು ತೀರ್ಪು ನೀಡಿತು. ಗುಜರಾತಿನ ಪ್ರಕರಣದಲ್ಲಿ 2022ರ ಏಪ್ರಿಲ್ 25ರಂದು ಅದೇ ನ್ಯಾಯಾಲಯವು ಕಾರ್ಯಕರ್ತೆಯರು ಹಾಗೂ ಸಹಾಯಕಿಯರಿಗೆ ಉಪದಾನ ಪಾವತಿ ಕಾಯ್ದೆ ಅನ್ವಯಿಸುತ್ತದೆಂದು ತಿಳಿಸಿತು. ಕೇಂದ್ರ ಸರ್ಕಾರ ನಿಗದಿಪಡಿಸುವ ಗೌರವಧನವನ್ನು 2018ರ ಅಕ್ಟೋಬರ್ 1ರಿಂದ ಕಾರ್ಯಕರ್ತೆಗೆ 3,000 ರೂ.ಗಳಿಂದ 4,500 ರೂ.ಗಳಿಗೆ, ಸಹಾಯಕಿಗೆ 1,500 ರೂ.ಗಳಿಂದ 2,250 ರೂ.ಗಳಿಗೆ ಹೆಚ್ಚಿಸಲಾಯಿತು. ಇದಕ್ಕೆ ರಾಜ್ಯ ಸರ್ಕಾರವು ತನ್ನ ಪಾಲನ್ನು ಸೇರಿಸಿ ಪಾವತಿಸುತ್ತದೆ.

ಈ ನಡುವೆ 2013ರಲ್ಲಿ ಕ್ಷೀರಭಾಗ್ಯ, 2017ರ ಅಕ್ಟೋಬರ್‌ನಲ್ಲಿ ಮಾತೃಪೂರ್ಣ, 2018ರಲ್ಲಿ ಪೋಷಣ್ ಅಭಿಯಾನ ಬಂದವು. ಮತದಾರರ ಪಟ್ಟಿಯ ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸವೂ ಹಲವೆಡೆ ಕಾರ್ಯಕರ್ತೆಯ ಪಾಲಿಗೇ ಬರುತ್ತದೆ. ಪ್ರತಿಯೊಂದೂ ಅಗತ್ಯವಾದ ಕೆಲಸವೇ. ಆದರೆ ಅದಕ್ಕೆ ಬೇಕಾದ ಗಂಟೆಗಳು ಬರುವುದು ಶಾಲಾ ಪೂರ್ವ ಶಿಕ್ಷಣದ ವೇಳೆಯಿಂದ. ಆ ನಷ್ಟವನ್ನು ದಾಖಲಿಸುವ ವಹಿ ಯಾವುದೂ ಇಲ್ಲ.

ಮಕ್ಕಳ ರಕ್ಷಣೆ

ಪೋಷಣೆಯ ಜೊತೆಗೆ ರಕ್ಷಣೆಯ ಹೊಣೆಯೂ ಇದೆ. ಕರ್ನಾಟಕವು ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹವನ್ನು ಮೂಲತಃ ಅಸಿಂಧುವೆಂದು ಮಾಡಿದೆ. ತಹಶೀಲ್ದಾರರು, ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಮೇಲ್ವಿಚಾರಕಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಮುಖ್ಯೋಪಾಧ್ಯಾಯರು ಮೊದಲಾದವರನ್ನು ನಿಷೇಧಾಧಿಕಾರಿಗಳೆಂದು ಗೊತ್ತುಪಡಿಸಲಾಗಿದೆ. ಇದಕ್ಕಾಗಿ ಹೊಸ ಹುದ್ದೆಗಳನ್ನು ಸೃಜಿಸಿಲ್ಲ. ಇದ್ದವರಿಗೇ ಅಧಿಕಾರ ನೀಡಲಾಗಿದೆ. ಅಕ್ಷಯ ತೃತೀಯದ ದಿನ ಮೂರು ಊರುಗಳಿಂದ ಕರೆ ಬಂದಾಗ ಹೋಗಬೇಕಾದವರು ಅದೇ ಒಬ್ಬ ಮೇಲ್ವಿಚಾರಕಿ.

ರಕ್ಷಿಸಲಾದ ಮಗುವನ್ನು ಬಾಲನ್ಯಾಯ ಕಾಯ್ದೆ 2015ರ ಪ್ರಕಾರ, ಪ್ರಯಾಣದ ಅವಧಿಯನ್ನು ಹೊರತುಪಡಿಸಿ, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿದ್ದು, ತಿಂಗಳಿಗೆ ಕನಿಷ್ಠ 20 ದಿನ ಸಭೆ ಸೇರಬೇಕೆಂಬ ನಿಯಮವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು ಮತ್ತು ಕ್ಷೇತ್ರ ಕಾರ್ಯಕರ್ತರು ಕೈಬೆರಳೆಣಿಕೆಯಷ್ಟು. ಇವು ಬಹುಪಾಲು ಗುತ್ತಿಗೆ ಆಧಾರದ ಹುದ್ದೆಗಳು. ತಡೆಹಿಡಿದ ಮದುವೆಯ ಬಾಲಕಿ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆಯೇ ಎಂದು ಆರು ತಿಂಗಳ ನಂತರ ಅವಳ ಮನೆಗೆ ಹೋಗಿ ನೋಡುವುದೇ ಈ ವ್ಯವಸ್ಥೆಯಲ್ಲಿ ಅತ್ಯಂತ ಕಷ್ಟದ ಕೆಲಸ. ಅಷ್ಟರಲ್ಲಿ ಅವಳ ಪ್ರಕರಣವನ್ನು ಬಲ್ಲ ಸಮಾಲೋಚಕರು ಗುತ್ತಿಗೆ ಮುಗಿಸಿ ಹೋಗಿರಲೂಬಹುದು.

ಸಾರ್ವಜನಿಕರ ಗಮನಕ್ಕೆ

ಅಂಗನವಾಡಿ ತೆರೆಯದಿರುವುದು, ಆಹಾರ ದೊರೆಯದಿರುವುದು ಅಥವಾ ತೂಕ ಮಾಡದಿರುವುದರ ಬಗ್ಗೆ ಕೇಂದ್ರದ ಬಾಲವಿಕಾಸ ಸಮಿತಿಯಲ್ಲಿ, ಗ್ರಾಮ ಸಭೆಯಲ್ಲಿ ಹಾಗೂ ಮಕ್ಕಳ ಗ್ರಾಮ ಸಭೆಯಲ್ಲಿ ವಿಷಯ ಮಂಡಿಸಬಹುದು. ಹೊಸ ಕೇಂದ್ರದ ಬೇಡಿಕೆಯನ್ನು ಮಕ್ಕಳ ಹೆಸರು ಮತ್ತು ವಯಸ್ಸಿನ ಪಟ್ಟಿಯೊಂದಿಗೆ ಲಿಖಿತವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಬಾಲ್ಯವಿವಾಹ, ಬಾಲಕಾರ್ಮಿಕತೆ ಅಥವಾ ತೊಂದರೆಯಲ್ಲಿರುವ ಮಗುವಿನ ಬಗ್ಗೆ ಮಕ್ಕಳ ಸಹಾಯವಾಣಿ 1098ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಮದುವೆಯ ಮಾತು ತಿಳಿದ ಕೂಡಲೇ ಕರೆ ಮಾಡಿದಲ್ಲಿ ಸಿಬ್ಬಂದಿಗೆ ಕುಟುಂಬದೊಡನೆ ಮಾತನಾಡಲು ಕಾಲಾವಕಾಶ ದೊರೆಯುತ್ತದೆ. ಮುಹೂರ್ತದ ಬೆಳಿಗ್ಗೆ ತಿಳಿಸಿದಲ್ಲಿ ಪೊಲೀಸರೊಡನೆ ಹೋಗುವುದಷ್ಟೇ ಉಳಿದಿರುತ್ತದೆ.