ತೂಕ ಒಂದೇ, ಕೊಬ್ಬು ಬೇರೆ: ಸೋನೋಗ್ರಫಿ ಹೇಳುವ ಲೆಕ್ಕ

ಸೊಲ್ಲಾಪುರ: ಸೋನೋಗ್ರಫಿ ಎಂದರೆ ನಮ್ಮ ಕಡೆ ಬಸುರಿ ಹೆಂಗಸರ ತಪಾಸಣೆ, ಇಲ್ಲವೇ ಕಿಡ್ನಿ ಸ್ಟೋನ್. ಅದೇ ಯಂತ್ರದಿಂದ ಮೈಯಲ್ಲಿನ ಕೊಬ್ಬು, ಸ್ನಾಯುಗಳ ದಪ್ಪವನ್ನೂ ಅಳೆಯಬಹುದು. ಆ ಚಿತ್ರ ಓದುವ ಕೆಲಸವನ್ನು ಈಗ ಕಂಪ್ಯೂಟರ್ ಮಾಡತೊಡಗಿದೆ.

ತೂಕದ ಕಾಟಾ ಇರುವಾಗ ಇದೇಕೆ ಬೇಕು? ಉತ್ತರ ಪುಣೆಯಲ್ಲಿದೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಛಾಪಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2! ಪುಣೆ ಸುತ್ತಲಿನ ಹಳ್ಳಿಗಳ ಕೂಸುಗಳಲ್ಲೂ ಇದೇ ಕಥೆ. ಹುಟ್ಟಿದಾಗ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆ, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟೊಂದು ಕಡಿಮೆ ಇರಲಿಲ್ಲ. 'ನಾನು ತೆಳ್ಳಗಿದ್ದೀನಿ, ನನಗೆಲ್ಲಿ ಶುಗರ್' ಎನ್ನುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ಯಂತ್ರ ಕಿವಿಗೆ ಕೇಳದ ಸದ್ದನ್ನು ಮೈಯೊಳಗೆ ಕಳಿಸುತ್ತದೆ. ಚರ್ಮ ಮುಗಿದು ಕೊಬ್ಬು, ಕೊಬ್ಬು ಮುಗಿದು ಸ್ನಾಯು ಶುರುವಾಗುವ ಗಡಿಯಲ್ಲಿ (ಗಡಿ ಎಂದರೇನೆಂದು ನಮಗೆ ಹೇಳಬೇಕೆ?) ಸ್ವಲ್ಪ ಸದ್ದು ಮರಳಿ ಬರುತ್ತದೆ. ಬರಲು ಹಿಡಿದ ಸಮಯದಿಂದ ಆಳ ಗೊತ್ತಾಗುತ್ತದೆ. ಕಂಪ್ಯೂಟರ್ ಚಿತ್ರದಲ್ಲಿ ಈ ಗಡಿಗೆರೆಗಳನ್ನು ಹುಡುಕಿ ಹತ್ತಾರು ಕಡೆ ದಪ್ಪ ಅಳೆದು ಸರಾಸರಿ ತೆಗೆಯುತ್ತದೆ. ಆದರೆ ಸಾಮಾನ್ಯ ಯಂತ್ರ ಸದ್ದಿನ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಹಿಡಿಯುತ್ತದೆ. ಕೊಬ್ಬಿನಲ್ಲಿ ಅದು ಸುಮಾರು 1450. ಸರಿಪಡಿಸದಿದ್ದರೆ 9.4 ಮಿ.ಮೀ. ಕೊಬ್ಬು 10 ಮಿ.ಮೀ. ಎಂದು ಕಾಣುತ್ತದೆ.

ಯಂತ್ರ ಹಿಡಿದ ಕೈಯೂ ಮುಖ್ಯ. ಒತ್ತಿ ಹಿಡಿದರೆ ಕೊಬ್ಬು ಅಮುಕಿ ತೆಳ್ಳಗೆ ತೋರುತ್ತದೆ. ಅದಕ್ಕೇ ಆಸ್ಟ್ರಿಯಾದ ಗ್ರಾಜ್ ನಗರದ ವಿಜ್ಞಾನಿಗಳು ಕ್ರೀಡಾಪಟುಗಳನ್ನು ಅಳೆಯುವಾಗ ದಪ್ಪಗೆ ಜೆಲ್ ಹಚ್ಚಿ, ಒತ್ತದೆ, 8 ಜಾಗಗಳಲ್ಲಿ ಅಳೆಯುತ್ತಾರೆ. ಉತ್ತರವನ್ನೂ ಮಿ.ಮೀ.ನಲ್ಲೇ ಕೊಡುತ್ತಾರೆ. ಅದನ್ನು ಶೇಕಡಾ ಮಾಡಲು ಸೂತ್ರ ಬೇಕು. ಬೇರೆ ದೇಶದವರ ಮೈ ಅಳೆದು ಮಾಡಿದ ಸೂತ್ರ ನಮಗೆ ತಪ್ಪು ಹೇಳಬಹುದು. ಇನ್ನೊಂದು, ಚರ್ಮದಡಿಯ ಅಳತೆ ಹೊಟ್ಟೆಯೊಳಗಿನ ಕೊಬ್ಬನ್ನು ಹೇಳುವುದಿಲ್ಲ. ಶುಗರಿಗೆ ಹೆಚ್ಚು ಅಪಾಯ ಅದೇ.

ಮತ್ತೊಂದು ಮಾತು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇಂಥ ಯಂತ್ರಗಳಿಗೂ ಅನ್ವಯಿಸುತ್ತದೆ. ಗರ್ಭ ನೋಡಬಲ್ಲ ಯಂತ್ರವನ್ನು 'ಕೊಬ್ಬು ತಪಾಸಣೆ' ಎಂದು ಯಾರಾದರೂ ಊರಿಗೆ ತಂದರೆ ನೋಂದಣಿ ಪತ್ರ ಕೇಳಿ. ಅಕ್ಕಲಕೋಟದಲ್ಲಾಗಲಿ, ಗಡಿಯಾಚೆ ಆಳಂದ, ಇಂಡಿಯಲ್ಲಾಗಲಿ ಕಾಯ್ದೆ ಒಂದೇ.

ಅಲ್ಲಿಯವರೆಗೆ ಟೇಲರ್ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟು ಅಳೆಯಿರಿ. ನಮ್ಮ ದೇಶದವರಿಗೆ ವೈದ್ಯರು ಹಾಕಿದ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಅದು ದಾಟಿದ್ದರೆ, ತೂಕ ಎಷ್ಟೇ ಇರಲಿ, ದವಾಖಾನೆಯಲ್ಲಿ ಶುಗರ್ ತಪಾಸಿಸಿಕೊಳ್ಳಿ.